ದೊಡ್ಡ ಕಂಪನಿಯ ಹೆಸರು ನಂಬಿ ಲೆಕ್ಕ ಬಿಡಬೇಡಿ: ಅಂಗಡಿ ಮತ್ತು ಮನೆಯ ದಾಖಲೆಗಳನ್ನು ನಮ್ಮ ಕೈಯಲ್ಲಿಟ್ಟುಕೊಳ್ಳುವ ಬಗೆ

ತೊಗರಿಯ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ವಿಜಯಪುರದ ಎಪಿಎಂಸಿ ಪ್ರಾಂಗಣದ ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯಲು ಕುಳಿತಾಗ, ಬಿಲ್ ಮಾಡುವ ಸಾಫ್ಟ್‌ವೇರ್ ತೆರೆದುಕೊಳ್ಳಲಿಲ್ಲ. ಪರವಾನಗಿಯನ್ನು ಪರಿಶೀಲಿಸಲಾಗುತ್ತಿದೆ ಎಂಬ ಒಂದೇ ಸಾಲು ಒಂದೂವರೆ ತಾಸು ಪರದೆಯ ಮೇಲೆ ನಿಂತಿತ್ತು. ಅಂಗಡಿಯಲ್ಲಿ ಕರೆಂಟ್ ಇತ್ತು, ಇಂಟರ್ನೆಟ್ ಇತ್ತು, ಕಂಪ್ಯೂಟರ್ ಕೊಂಡು ವರ್ಷವೂ ಆಗಿರಲಿಲ್ಲ; ಕೆಟ್ಟಿದ್ದು ಎಲ್ಲೋ ದೂರದ ಊರಿನಲ್ಲಿದ್ದ ಆ ಕಂಪನಿಯ ಸರ್ವರ್. ಹೊರಗಿನ ಕಟ್ಟೆಯ ಮೇಲೆ ಇಂಡಿ, ಸಿಂದಗಿ ಕಡೆಯಿಂದ ಮಾಲು ತಂದ ರೈತರು ಮಾರಾಟದ ಪಟ್ಟಿಗಾಗಿ ಕಾಯುತ್ತಿದ್ದರು. ಅಂಗಡಿಯ ಹಳೆಯ ದಿವಾಣಜಿಯವರು (ಲೆಕ್ಕದ ಗುಮಾಸ್ತರು) ಮೆಲ್ಲಗೆ ಎದ್ದು, "ಸಾವಕಾರ್ರ, ಕಿರ್ದಿ ತೆಗೀಲೇನ್ರಿ?" ಎಂದು ಕೇಳಿದರು. ದೀಪಾವಳಿಯ ಪೂಜೆಗೆಂದು ತಂದು, ಕುಂಕುಮ ಹಚ್ಚಿ ಕಪಾಟಿನಲ್ಲಿಟ್ಟಿದ್ದ ಆ ಜಮಾ-ಖರ್ಚಿನ ಪುಸ್ತಕದಲ್ಲಿ ಮೊದಲ ಪುಟದ "ಶ್ರೀ" ಅಕ್ಷರದ ಹೊರತು ಬೇರೇನೂ ಇರಲಿಲ್ಲ.

ತೂಕದ ಚೀಟಿ ನೋಡಿ ಚೀಲದ ಲೆಕ್ಕ, ದರ, ಹಮಾಲಿ ಎಲ್ಲವನ್ನೂ ಅವರು ಅರ್ಧ ತಾಸಿನಲ್ಲಿ ಬರೆದು ಮುಗಿಸಿದರು. ಆದರೆ ಯಾವ ರೈತರಿಗೆ ಎಷ್ಟು ಕೈಗಡ ಕೊಟ್ಟಿದೆ, ಹಿಂದಿನ ಬಾಕಿ ಎಷ್ಟು ಎಂಬ ಮಾಹಿತಿ ಮಾತ್ರ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿತ್ತು. ಹೀಗಾಗಿ ಯಾರ ಲೆಕ್ಕವನ್ನೂ ಪೂರ್ತಿ ಮುಗಿಸಲಾಗದೆ, ಎಲ್ಲರಿಗೂ ಒಂದಿಷ್ಟು ಹಣ ಕೊಟ್ಟು ಮತ್ತೊಮ್ಮೆ ಬರಲು ಹೇಳಿ ಕಳಿಸಬೇಕಾಯಿತು. ಆ ಮರುಪ್ರಯಾಣದ ಬಸ್ ಖರ್ಚನ್ನು ರೈತರೇ ಭರಿಸಿದರು. ಸಾಫ್ಟ್‌ವೇರ್ ಕಂಪನಿಯಿಂದ ಎರಡು ದಿನದ ನಂತರ ಒಂದು ಸಾಲಿನ ವಿಷಾದದ ಸಂದೇಶ ಬಂತು.

ಆ ದಿನ ನನಗೆ ಸ್ಪಷ್ಟವಾದ ಸಂಗತಿಯನ್ನು ಮುಂದಿನ ಕ್ರಮಗಳೆಲ್ಲ ಆಧರಿಸಿವೆ. ಕಂಪನಿ ದೊಡ್ಡದಿದೆ ಎಂಬುದರಿಂದ ಅದು ನಮಗೆ ಯಾವ ಭರವಸೆಯನ್ನೂ ಕೊಟ್ಟಂತಾಗುವುದಿಲ್ಲ. ನಮ್ಮ ಕೈಯಲ್ಲಿರುವ, ನಾವೇ ಒಮ್ಮೆ ತೆರೆದು ನೋಡಿದ ಪ್ರತಿಯನ್ನು ಮಾತ್ರ ನಂಬಬಹುದು. ಕಂಪ್ಯೂಟರನ್ನು ಬಿಟ್ಟು ಹಳೆಯ ಪದ್ಧತಿಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ನಾನು ದಿನವೂ ಅದರ ಮುಂದೆಯೇ ಕೂರುವವನು. ಅದು ನಿಂತ ದಿನವೂ ನಮ್ಮ ವ್ಯವಹಾರ ನಿಲ್ಲದಂತೆ ನೋಡಿಕೊಳ್ಳುವ ಬಗೆಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಾಳೆ, ಮೂರು ಪ್ರಶ್ನೆ

ಒಂದು ಹಾಳೆ ತೆಗೆದುಕೊಂಡು, ನಿಮ್ಮ ಬದುಕಿನಲ್ಲಿ ಯಾವುದಾದರೂ ಕಂಪನಿಯ ವಶದಲ್ಲಿರುವ ವಸ್ತುಗಳನ್ನೆಲ್ಲ ಬರೆಯಿರಿ. ಮೊಬೈಲ್ ಸಂಖ್ಯೆ, ಇ-ಮೇಲ್, ಫೋಟೊಗಳು, ಅಂಗಡಿಯ ಲೆಕ್ಕ, ಗಿರಾಕಿಗಳ ಸಂಖ್ಯೆಗಳು, ಬ್ಯಾಂಕಿನ ಹಣ, ಮಕ್ಕಳ ಅಂಕಪಟ್ಟಿ, ವಿಮೆಯ ಕಾಗದ ಇವೆಲ್ಲ ಅದರಲ್ಲಿ ಬರಬೇಕು. ಪ್ರತಿಯೊಂದರ ಎದುರು ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ನಾಳೆ ಬೆಳಿಗ್ಗೆ ಈ ಕಂಪನಿಯ ಬಾಗಿಲು ಮುಚ್ಚಿದ್ದರೆ ಇದರ ಇನ್ನೊಂದು ಪ್ರತಿ ನನ್ನ ಬಳಿ ಇದೆಯೇ? ಇದ್ದರೆ, ಆ ಕಂಪನಿಯ ನೆರವಿಲ್ಲದೆ ಅದನ್ನು ತೆರೆಯಬಲ್ಲೆನೇ? ಏನಾದರೂ ತಪ್ಪಾದರೆ ನಾನು ಹೋಗಿ ಎದುರು ಕುಳಿತು ಮಾತನಾಡಬಹುದಾದ ಮನುಷ್ಯ ನನ್ನ ಜಿಲ್ಲೆಯಲ್ಲಿ ಯಾರಾದರೂ ಇದ್ದಾರೆಯೇ? ಮೂರಕ್ಕೂ "ಇಲ್ಲ" ಎಂಬ ಉತ್ತರ ಬಂದ ಸಾಲುಗಳಿಂದ ಕೆಲಸ ಆರಂಭಿಸಿರಿ.

ದೊಡ್ಡ ಸಂಸ್ಥೆಯ ಬಳಿ ದೊಡ್ಡ ಎಂಜಿನಿಯರುಗಳಿರುತ್ತಾರೆ, ಅವರಿಗೆ ತಪ್ಪಾಗದು ಎಂದು ಅನೇಕರು ಈ ಹಂತದಲ್ಲಿ ಹೇಳುತ್ತಾರೆ. ಅವರಿಗಾಗಿ ಎರಡು ಘಟನೆಗಳನ್ನು ಹೇಳುತ್ತೇನೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಖಾಸಗಿ ಕ್ಲೌಡ್ (ಇಂಟರ್ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಸರ್ವರ್) ವ್ಯವಸ್ಥೆ ಗೂಗಲ್ ಕ್ಲೌಡ್‌ನಿಂದ ಅಳಿಸಿಹೋಯಿತು. ಆರು ಲಕ್ಷಕ್ಕಿಂತ ಹೆಚ್ಚು ಸದಸ್ಯರು ಒಂದು ವಾರಕ್ಕೂ ಮೀರಿ ತಮ್ಮ ಖಾತೆಯನ್ನು ನೋಡಲಾಗಲಿಲ್ಲ. ವ್ಯವಸ್ಥೆಯನ್ನು ಸಿದ್ಧಪಡಿಸುವಾಗ ಗೂಗಲ್ ಸಿಬ್ಬಂದಿ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರಿಂದ ಅದಕ್ಕೆ ಒಂದು ವರ್ಷದ ಅವಧಿ ತಾನಾಗಿಯೇ ನಿಗದಿಯಾಗಿತ್ತು. ವರ್ಷ ತುಂಬಿದಾಗ ಅದು ತನ್ನಷ್ಟಕ್ಕೇ ಅಳಿಸಿಹೋಯಿತು. ಆ ನಿಧಿ ಬೇರೊಂದು ಕಂಪನಿಯ ಬಳಿಯೂ ಪ್ರತಿ ಇಟ್ಟಿದ್ದು ಅವರು ಚೇತರಿಸಿಕೊಳ್ಳಲು ಬಹಳ ನೆರವಾಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದಕ್ಕೆ ಹೊರಗೆ ಬೇರೆ ಪ್ರತಿ ಇರಲಿಲ್ಲ. ಎಲ್ಲ ಕಡತಗಳನ್ನೂ ಅಲ್ಲಿಯೇ ಇಡಬೇಕೆಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದ ಇಲಾಖೆಗೇ ಹೆಚ್ಚಿನ ಹಾನಿಯಾಯಿತು.

ಅಂಗಡಿಯ ಲೆಕ್ಕ

ದಿನದ ವ್ಯವಹಾರ ಮುಗಿದ ಮೇಲೆ ಮಾಡಬೇಕಾದ ಮೊದಲ ಕೆಲಸವೆಂದರೆ ಬಾಕಿಯ ಪಟ್ಟಿಯನ್ನು ಮುದ್ರಿಸಿ ತೆಗೆಯುವುದು. ಇದನ್ನು ನಾನು ಮೊದಲಿಗಿಡುತ್ತಿರುವುದಕ್ಕೆ ಕಾರಣ ಮೇಲೆ ಹೇಳಿದ ಘಟನೆಯೇ. ಸಾಫ್ಟ್‌ವೇರ್ ನಿಂತ ದಿನ ಹೊಸ ವ್ಯವಹಾರವನ್ನು ಯಾರು ಬೇಕಾದರೂ ಕಾಗದದ ಮೇಲೆ ಬರೆಯಬಹುದು, ಹಳೆಯ ಬಾಕಿಯನ್ನು ಮಾತ್ರ ನೆನಪಿನಿಂದ ಬರೆಯಲಾಗದು. ಹೆಸರು, ಊರು, ಬಾಕಿಯ ಮೊತ್ತ, ಕೊನೆಯ ವ್ಯವಹಾರದ ದಿನಾಂಕ ಈ ನಾಲ್ಕು ಕಲಮುಗಳಿದ್ದರೆ ಸಾಕು. ದಿನವೂ ಸಾಧ್ಯವಾಗದಿದ್ದರೆ ವಾರಕ್ಕೊಮ್ಮೆ ಮುದ್ರಿಸಿ, ನಡುವಿನ ದಿನಗಳ ಜಮಾ-ಖರ್ಚನ್ನು ಕಿರ್ದಿಯಲ್ಲಿ ಬರೆಯುತ್ತ ಬನ್ನಿ. ಮುದ್ರಿಸುವಾಗ ಸಾಮಾನ್ಯ ಕಾಗದವನ್ನೇ ಬಳಸಿರಿ. ಬಿಲ್ ಯಂತ್ರದಿಂದ ಬರುವ ನುಣುಪಾದ ಥರ್ಮಲ್ ಕಾಗದದ ಅಕ್ಷರಗಳು ಬಿಸಿಲು ಮತ್ತು ಸೆಕೆಗೆ ಮಾಸಿಹೋಗುತ್ತವೆ; ನಮ್ಮ ಬೇಸಿಗೆಯಲ್ಲಂತೂ ಗಾಜಿನ ಕೌಂಟರಿನ ಮೇಲೆ ಬಿಟ್ಟ ಚೀಟಿ ಕೆಲವು ವಾರಗಳಲ್ಲಿ ಖಾಲಿ ಹಾಳೆಯಂತಾಗುವುದನ್ನು ನಾನು ನೋಡಿದ್ದೇನೆ. ಮುಖ್ಯವಾದ ಥರ್ಮಲ್ ಚೀಟಿಗಳನ್ನು ಅಂದೇ ಝೆರಾಕ್ಸ್ ಮಾಡಿಸಿಡಬೇಕು.

ಎರಡನೆಯದಾಗಿ, ಮುದ್ರಿತ ಕ್ರಮಸಂಖ್ಯೆಯಿರುವ ಒಂದು ಕೈಬರಹದ ಬಿಲ್ ಪುಸ್ತಕ ಗಲ್ಲಾದಲ್ಲಿ ಇರಲಿ. ಜಿಎಸ್‌ಟಿ ನಿಯಮಗಳಲ್ಲಿ ಬಿಲ್ಲಿನ ಕ್ರಮಸಂಖ್ಯೆ 16 ಅಕ್ಷರಗಳನ್ನು ಮೀರಬಾರದು, ಒಂದೇ ಹಣಕಾಸು ವರ್ಷದಲ್ಲಿ ಮರುಕಳಿಸಬಾರದು ಎಂದಿದೆ. ಒಂದಕ್ಕಿಂತ ಹೆಚ್ಚು ಸರಣಿಗಳನ್ನು ಬಳಸಲು ಅವಕಾಶವಿದೆ. ಆದ್ದರಿಂದ ಕಂಪ್ಯೂಟರಿನ ಬಿಲ್ಲಿಗೆ ಒಂದು ಸರಣಿಯನ್ನೂ ಕೈಬರಹದ ಬಿಲ್ಲಿಗೆ ಬೇರೊಂದು ಸರಣಿಯನ್ನೂ ಇಟ್ಟುಕೊಂಡರೆ, ಆಮೇಲೆ ಎರಡನ್ನೂ ಹೊಂದಿಸುವುದು ಸುಲಭವಾಗುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಿಗಳಿಗೆ, ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರುವಾಗ, 2023ರ ಆಗಸ್ಟ್ 1ರಿಂದ ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಕಡ್ಡಾಯವಾಗಿದೆ. ಅಂಥವರು ಕೈಬರಹದ ಬಿಲ್ಲನ್ನೇ ಅಂತಿಮವೆಂದು ಭಾವಿಸದೆ ತಮ್ಮ ತೆರಿಗೆ ಸಲಹೆಗಾರರನ್ನು ಕೇಳಿ ಮುಂದುವರಿಯಬೇಕು.

ಮೂರನೆಯದಾಗಿ ಪ್ರತಿಗಳ ವಿಚಾರ. ಈ ಕೆಲಸ ಬಲ್ಲವರು ಒಂದು ಸರಳ ನಿಯಮ ಹೇಳುತ್ತಾರೆ: ಯಾವುದೇ ಮುಖ್ಯ ಮಾಹಿತಿಯ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ನಾನು ಲೆಕ್ಕ ಬರೆಯುವ ಅಂಗಡಿಗಳಲ್ಲಿ ಇದನ್ನು ಹೀಗೆ ಪಾಲಿಸುತ್ತೇನೆ. ಮೊದಲ ಪ್ರತಿ ಕಂಪ್ಯೂಟರಿನಲ್ಲಿ ಇರುತ್ತದೆ. ಎರಡು ಹೊರ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು ಚೀಟಿ ಅಂಟಿಸಿ, ಒಂದು ವಾರ ಕೆಂಪು ಅಂಗಡಿಯಲ್ಲೂ ಹಸಿರು ಮಾಲೀಕರ ಮನೆಯಲ್ಲೂ ಇರುವಂತೆ, ಮರುವಾರ ಅದಲುಬದಲಾಗುವಂತೆ ಮಾಡಿದ್ದೇನೆ. ಇದರ ಜೊತೆಗೆ ಕ್ಲೌಡ್‌ನಲ್ಲಿ ಒಂದು ಪ್ರತಿ ಇದ್ದರೆ ಬೇರೆ ಬಗೆಯ ಸಾಧನವೂ ಆದಂತಾಯಿತು. ಡಿಸ್ಕನ್ನು ಪ್ರತಿ ತೆಗೆಯುವಾಗ ಮಾತ್ರ ಜೋಡಿಸಿ, ಮುಗಿದ ಕೂಡಲೇ ಬಿಚ್ಚಿಡಬೇಕು. ಸದಾ ಜೋಡಿಸಿಯೇ ಇಟ್ಟ ಡಿಸ್ಕ್, ಹಣ ಕೇಳುವ ವೈರಸ್ ಹೊಕ್ಕ ದಿನ, ಕಂಪ್ಯೂಟರಿನ ಜೊತೆಗೇ ಹಾಳಾಗುತ್ತದೆ.

ಸಾಫ್ಟ್‌ವೇರ್ ತನ್ನದೇ ರೂಪದಲ್ಲಿ ಕೊಡುವ ಬ್ಯಾಕಪ್ ಫೈಲ್ ಮಾತ್ರ ಇದ್ದರೆ ಸಾಲದು. ಆ ಫೈಲನ್ನು ಅದೇ ಸಾಫ್ಟ್‌ವೇರ್, ಅದೂ ಪರವಾನಗಿ ಜೀವಂತವಿದ್ದರೆ ಮಾತ್ರ, ತೆರೆಯುತ್ತದೆ. ತಿಂಗಳ ಕೊನೆಗೆ ಖತಾವಣಿಯನ್ನು (ಒಬ್ಬೊಬ್ಬರ ಖಾತೆಯ ಲೆಕ್ಕವನ್ನು) ಪಿಡಿಎಫ್ ರೂಪದಲ್ಲಿ ಒಮ್ಮೆ, ಎಕ್ಸೆಲ್ ರೂಪದಲ್ಲಿ ಒಮ್ಮೆ ಹೊರತೆಗೆದಿಡಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪತ್ರಗಳನ್ನು, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡುವುದು ವ್ಯಾಪಾರಿಯ ಹೊಣೆ. ಅಷ್ಟು ಕಾಲ ಆ ಸಾಫ್ಟ್‌ವೇರ್ ಕಂಪನಿ ಇರುತ್ತದೆಯೋ, ನೀವು ಅದಕ್ಕೆ ಬಾಡಿಗೆ ಕಟ್ಟುತ್ತಲೇ ಇರುತ್ತೀರೋ ಎಂಬುದನ್ನು ಇಂದು ಯಾರೂ ಹೇಳಲಾರರು. ಸಾಫ್ಟ್‌ವೇರ್ ಕೊಳ್ಳುವಾಗಲೇ ಮಾರುವವರನ್ನು ಒಂದು ಮಾತು ಕೇಳಿರಿ: "ನಾನು ಮುಂದಿನ ವರ್ಷ ಹಣ ಕಟ್ಟದಿದ್ದರೆ ನನ್ನ ಹಳೆಯ ಲೆಕ್ಕ ನೋಡಲಿಕ್ಕೆ ಸಿಗುತ್ತದೆಯೇ?" ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳದೆ ಬರೆಸಿಕೊಳ್ಳಿರಿ.

ಫೋನ್, ಇ-ಮೇಲ್ ಮತ್ತು ಫೋಟೊ

ಇಂದು ಬ್ಯಾಂಕ್, ಆಧಾರ್, ತೆರಿಗೆ ಎಲ್ಲವೂ ಒಂದು ಮೊಬೈಲ್ ಸಂಖ್ಯೆ ಮತ್ತು ಒಂದು ಇ-ಮೇಲ್ ಎಂಬ ಎರಡೇ ಅಗಳಿಗಳ ಮೇಲೆ ನಿಂತಿವೆ. ಜಿ-ಮೇಲ್ ಬಳಸುವವರು ಖಾತೆಯ ಭದ್ರತಾ ಪುಟದಲ್ಲಿ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಅಲ್ಲಿ ಸಿಗುವ ಹತ್ತು ಬ್ಯಾಕಪ್ ಸಂಕೇತಗಳನ್ನು ಕಾಗದದಲ್ಲಿ ಬರೆದು ಮನೆಯ ತಿಜೋರಿಯಲ್ಲಿಡಬೇಕು. ಫೋನ್ ಕಳೆದ ದಿನ ಒಳಗೆ ಹೋಗಲು ಅವೇ ದಾರಿ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಹೋದ ಹಿರಿಯರ ಫೋಟೊಗಳು ಅವರ ಖಾತೆಯಲ್ಲಿದ್ದರೆ ಇಂದೇ ತೆಗೆದಿಟ್ಟುಕೊಳ್ಳಿರಿ.

ಫೋಟೊಗಳ ವಿಷಯದಲ್ಲಿ ನಮ್ಮಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಫೋನಿನಲ್ಲಿರುವುದೆಲ್ಲ ಗೂಗಲ್ ಫೋಟೊಸ್‌ಗೂ ಹೋಗುತ್ತದೆ, ಆದ್ದರಿಂದ ಎರಡು ಪ್ರತಿ ಇವೆ ಎಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಅವೆರಡೂ ಒಂದಕ್ಕೊಂದು ಕಟ್ಟಿದ ಜೋಡೆತ್ತುಗಳಿದ್ದಂತೆ. ಫೋನಿನಲ್ಲಿ ಜಾಗ ಸಾಲದೆಂದು ಆ ಆ್ಯಪಿನೊಳಗಿಂದ ಒಂದು ಫೋಟೊ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ಬುಟ್ಟಿಯಲ್ಲಿ 60 ದಿನ ಇದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಉಚಿತ ಜಾಗಕ್ಕೂ ಮಿತಿಯಿದೆ. ಎಷ್ಟು ಬೇಕಾದರೂ ಫೋಟೊ ಇಡಿ ಎಂದಿದ್ದ ಆ ಸೇವೆ 2021ರ ಜೂನ್ 1ರಿಂದ ಆ ಮಾತನ್ನು ಬಿಟ್ಟಿತು. ಈಗ ಫೋಟೊ, ಇ-ಮೇಲ್, ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಎಲ್ಲ ಸೇರಿ 15 ಜಿಬಿಯೊಳಗೆ ಇರಬೇಕು. ಅದು ತುಂಬಿದರೆ ಹೊಸ ಇ-ಮೇಲ್ ಬರುವುದೇ ನಿಲ್ಲುತ್ತದೆ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದ್ದು, ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಮುಚ್ಚಿದ್ದು ನಮ್ಮ ಕಣ್ಣೆದುರೇ ನಡೆದಿದೆ. ಗೂಗಲ್ ಟೇಕ್‌ಔಟ್ ಎಂಬ ಪುಟಕ್ಕೆ ಹೋಗಿ ಫೋಟೊಗಳನ್ನು ಆಯ್ದು ವರ್ಷಕ್ಕೆರಡು ಬಾರಿ ಇಳಿಸಿಕೊಂಡು, ಹಾರ್ಡ್ ಡಿಸ್ಕಿಗೆ ಹಾಕಿರಿ. ಪೆನ್ ಡ್ರೈವ್ ಸಾಗಿಸಲು ಒಳ್ಳೆಯದು, ವರ್ಷಗಟ್ಟಲೆ ಕಾಯ್ದಿಡಲು ತಕ್ಕುದಲ್ಲ. ಮದುವೆ, ಸೀಮಂತ, ಹಿರಿಯರ ಮುಖ ಇಂಥ ಹತ್ತಿಪ್ಪತ್ತು ಫೋಟೊಗಳನ್ನಾದರೂ ಸ್ಟುಡಿಯೊದಲ್ಲಿ ಮುದ್ರಿಸಿ ಇಡಿ.

ಹಣ

ಎರಡು ಆ್ಯಪ್ ಇಟ್ಟುಕೊಂಡವರು ತಮ್ಮ ಬಳಿ ಎರಡು ದಾರಿಗಳಿವೆ ಎಂದುಕೊಳ್ಳುತ್ತಾರೆ. ಎರಡೂ ಒಂದೇ ಬ್ಯಾಂಕ್ ಖಾತೆಗೆ ಜೋಡಿಸಿದ್ದರೆ ದಾರಿ ಒಂದೇ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕ್ ಮೇಲೆ ನಿರ್ಬಂಧ ಬಿದ್ದು, ಗ್ರಾಹಕರಿಗೆ 50,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯಲು ಆಗದಂತಾದಾಗ, ಆ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದ ಜನರ ಫೋನ್‌ಪೇ ಕೂಡ ನಿಂತಿತು, ಏಕೆಂದರೆ ಆ ಆ್ಯಪಿನ ಹಣ ಅದೇ ಬ್ಯಾಂಕಿನ ಮೂಲಕ ಹಾಯುತ್ತಿತ್ತು. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ಯುಪಿಐ ವ್ಯವಸ್ಥೆಯೇ ದೇಶದಾದ್ಯಂತ ಅಡಚಣೆಗೊಳಗಾಯಿತು. ಅಂಥ ದಿನ ಎಷ್ಟು ಆ್ಯಪ್ ಇದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಎರಡು ಬೇರೆ ಬ್ಯಾಂಕುಗಳಲ್ಲಿ ಖಾತೆ, ಅವುಗಳಲ್ಲಿ ಒಂದರ ಶಾಖೆ ನಡೆದು ಹೋಗುವಷ್ಟು ಹತ್ತಿರ, ಮನೆಯಲ್ಲಿ ಒಂದು ವಾರದ ಖರ್ಚಿನಷ್ಟು ನಗದು, ತಿಂಗಳಿಗೊಮ್ಮೆ ಪಾಸ್‌ಬುಕ್ ಮುದ್ರಣ ಇಷ್ಟನ್ನು ಪಾಲಿಸಿರಿ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿವರೆಗೆ ಮಾತ್ರ ಠೇವಣಿ ವಿಮೆ ಇದೆ ಎಂಬುದು ನೆನಪಿರಲಿ.

ಅಂಗಡಿಯ ಕೌಂಟರಿನಲ್ಲಿ ಮಾತನಾಡುವ ಸೌಂಡ್‌ಬಾಕ್ಸ್ ಸುಮ್ಮನಿದ್ದರೆ ಗಿರಾಕಿಯ ಫೋನಿನ ಹಸಿರು ಗುರುತನ್ನು ನೋಡಿ ಮಾಲು ಕೊಡಬೇಡಿ. ಅಂಥ ಪರದೆಯನ್ನು ನಕಲಿ ಆ್ಯಪ್ ಕೂಡ ತೋರಿಸುತ್ತದೆ. ನಿಮ್ಮ ಖಾತೆಗೆ ಹಣ ಬಂದದ್ದನ್ನು ನಿಮ್ಮ ಆ್ಯಪಿನಲ್ಲೇ ನೋಡಿರಿ. ಗೌರವಸ್ಥ ಗಿರಾಕಿ ಎರಡು ನಿಮಿಷ ನಿಲ್ಲಲು ಬೇಸರಪಡುವುದಿಲ್ಲ.

ಹಣ ಕಡಿತವಾಗಿ ಎದುರಿನವರಿಗೆ ಮುಟ್ಟದಿದ್ದರೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ನಿಮ್ಮ ಬೆಂಬಲಕ್ಕಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಹಣವಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟ ಹಣ ಅಥವಾ ಎಟಿಎಂ ಹಣವಾದರೆ ಐದು ದಿನದೊಳಗೆ ಮರಳಬೇಕು; ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಬ್ಯಾಂಕ್ ತಾನಾಗಿಯೇ ಕೊಡಬೇಕು. 12 ಅಂಕಿಯ ಯುಪಿಐ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ನೀವು ಮಾಡದ ವ್ಯವಹಾರ ಕಂಡರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೂ ಆ ಕ್ಷಣವೇ ತಿಳಿಸಿರಿ. 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ನಿಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದಿದ್ದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ನಿಮ್ಮ ಮೇಲಿಲ್ಲ. ಒಟಿಪಿಯನ್ನು ನೀವೇ ಹೇಳಿಕೊಟ್ಟಿದ್ದರೆ, ತಿಳಿಸುವ ತನಕದ ನಷ್ಟ ನಿಮ್ಮದೇ.

"ಕಂಪ್ಯೂಟರಿನಲ್ಲಿ ಹೀಗೇ ತೋರಿಸುತ್ತಿದೆ"

ಈ ಮಾತನ್ನು ಕೌಂಟರಿನ ಆಚೆಯಿಂದ ಕೇಳಿದಾಗ ನಮ್ಮ ಜನ ಸುಮ್ಮನೆ ಮರಳಿ ಬರುತ್ತಾರೆ. ಹೀಗೆ ಮರಳಬಾರದು ಎಂಬುದನ್ನು ಬ್ರಿಟನ್ನಿನ ಅಂಚೆ ಸಂಸ್ಥೆಯ ಪ್ರಕರಣದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಕಲಿಸಲಾರದು. ಅಲ್ಲಿನ ಅಂಚೆ ಕಚೇರಿಗಳಿಗೆ 1999ರಿಂದ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಹಳ್ಳಿಯ ಸಣ್ಣ ಅಂಗಡಿಗಳಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದವರ ಲೆಕ್ಕದಲ್ಲಿ ಆ ಸಾಫ್ಟ್‌ವೇರ್ ಇಲ್ಲದ ಕೊರತೆಗಳನ್ನು ತೋರಿಸಿತು. ಸಹಾಯವಾಣಿಗೆ ಕರೆ ಮಾಡಿದ ಅನೇಕರಿಗೆ, ಈ ತೊಂದರೆ ನಿಮ್ಮೊಬ್ಬರಿಗೇ ಆಗಿರುವುದು ಎಂಬ ಉತ್ತರ ಸಿಕ್ಕಿತು. ಕೆಲವರು ಮನೆ ಒತ್ತೆಯಿಟ್ಟು ಕೊರತೆ ತುಂಬಿದರು. 900ಕ್ಕೂ ಹೆಚ್ಚು ಜನರಿಗೆ ಕಳವು, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಯಾಯಿತು. ಕೆಲವರು ಜೈಲಿಗೂ ಹೋದರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿರುತ್ತದೆ ಎಂದು ಮೊದಲಿಗೇ ಒಪ್ಪಿಕೊಳ್ಳುವ ಪದ್ಧತಿ ಅಲ್ಲಿನ ನ್ಯಾಯಾಲಯಗಳಲ್ಲಿತ್ತು. ಸಾಫ್ಟ್‌ವೇರಿನಲ್ಲಿಯೇ ದೋಷಗಳಿದ್ದವು ಎಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದುಗೊಳಿಸುವ ಕಾನೂನು ಬಂದದ್ದು 2024ರಲ್ಲಿ. ಅಷ್ಟರೊಳಗೆ ಕೆಲವರು ತೀರಿಹೋಗಿದ್ದರು. ಈ ಪ್ರಕರಣವನ್ನು ಓದಿದ ದಿನದಿಂದ ನಾನು ಯಾವ ಯಂತ್ರದ ಮೊತ್ತವನ್ನೂ ಇನ್ನೊಂದು ಕಡೆ ಕೂಡಿಸಿ ನೋಡದೆ ಸಹಿ ಮಾಡಿಲ್ಲ.

ನಮ್ಮ ಕಡೆ ಪಿಗ್ಮಿ ಸಂಗ್ರಹಿಸುವವರು, ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಬೆರಳಚ್ಚು ಯಂತ್ರದಿಂದ ಹಣ ಕೊಡುವವರು, ನ್ಯಾಯಬೆಲೆ ಅಂಗಡಿ ನಡೆಸುವವರು, ಗೋದಾಮಿನ ಗುಮಾಸ್ತರು ಇಂಥ ಯಂತ್ರಗಳನ್ನು ನಂಬಿಯೇ ಕೆಲಸ ಮಾಡುತ್ತಾರೆ. ಅವರಿಗೆ ನನ್ನ ಸಲಹೆ ಹೀಗಿದೆ. ಯಂತ್ರದ ಹೊರಗೆ ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವ್ಯವಹಾರದ ಸಮಯ, ಹೆಸರು, ಮೊತ್ತ ಬರೆಯಿರಿ. ಸಂಜೆ ಯಂತ್ರದ ಒಟ್ಟು, ನೋಟ್‌ಬುಕ್ಕಿನ ಒಟ್ಟು, ಕೈಯಲ್ಲಿರುವ ನಗದು ಮೂರನ್ನೂ ತಾಳೆ ನೋಡಿರಿ. ವ್ಯತ್ಯಾಸ ಬಂದರೆ ಅದೇ ಸಂಜೆ ಲಿಖಿತವಾಗಿ ತಿಳಿಸಿರಿ. ಮರುದಿನದ ಲೆಕ್ಕದಲ್ಲಿ ಸರಿಹೋದೀತೆಂದು ಬಿಡಬೇಡಿ. ಕೊರತೆಯನ್ನು ನಿಮ್ಮ ಕಿಸೆಯಿಂದ ತುಂಬಿ ಸುಮ್ಮನಾಗಬೇಡಿ, ಏಕೆಂದರೆ ತುಂಬಿದ ಹಣವೇ ಮುಂದೆ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಬರೀ ಒಟ್ಟು ಮೊತ್ತ ತೋರಿಸಿದರೆ ಒಪ್ಪದೆ, ಸಾಲುಸಾಲಾದ ವಿವರ ಕೇಳಿರಿ. ವಿವರ ಬರುವ ತನಕ ಯಾವ ಹೇಳಿಕೆಗೂ ಸಹಿ ಹಾಕಬೇಡಿ.

ಉತಾರದ (ಪಹಣಿಯ) ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಸರ್ಕಾರದ "ಭೂಮಿ" ಎಂಬ ಕಂಪ್ಯೂಟರ್ ವ್ಯವಸ್ಥೆಯಿಂದ ಪಹಣಿ ಪಡೆಯುವುದು ಬಹಳ ಸುಲಭವಾಗಿದೆ, ಅದು ದೊಡ್ಡ ಉಪಕಾರ. ಆದರೂ ವರ್ಷಕ್ಕೊಮ್ಮೆ ಹೊಸ ಉತಾರ ತೆಗೆಸಿ, ಹೆಸರು, ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಹಕ್ಕು ಮತ್ತು ಋಣದ ಕಲಮುಗಳನ್ನು ಹಳೆಯ ಉತಾರದ ಪಕ್ಕ ಇಟ್ಟು ಬೆರಳಿಟ್ಟು ಓದಬೇಕು. ಸಾಲ ತೀರಿದ ಮೇಲೂ ಋಣದ ನಮೂದು ಉಳಿದಿರುವುದು, ಹೆಸರಿನ ಒಂದು ಅಕ್ಷರ ಬದಲಾಗಿರುವುದು ಹೀಗೆ ಓದಿದಾಗಲೇ ಸಿಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಒಂದು ಕುಟುಂಬದಲ್ಲಿ ಅಜ್ಜಿಯವರು ಪರಿಹಾರದ ಆದೇಶ, ಹಕ್ಕುಪತ್ರ, ಹಳೆಯ ಮನೆಯ ಪಟ್ಟಿ ಪಾವತಿಗಳನ್ನು ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದನ್ನು ನಾನು ನೋಡಿದ್ದೇನೆ. ಕಾಗದಗಳ ನಡುವೆ ಬೇವಿನ ಎಲೆಗಳಿದ್ದವು. ದಾಖಲೆಗಳನ್ನು ಫೋನಿನಲ್ಲೇ ತೋರಿಸುವ ಡಿಜಿಲಾಕರ್ ಬಂದಿದೆ ಎಂದು ಅಂಥ ಟ್ರಂಕನ್ನು ರದ್ದಿಗೆ ಹಾಕುವ ಮನೆಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಡಿಜಿಲಾಕರ್ ಇರಲಿ, ಮೂಲ ಕಾಗದವೂ ಇರಲಿ.

ದೂರು ಕೊಡುವ ಬಗೆ

ಸಹಾಯವಾಣಿಯಲ್ಲಿ ಎಷ್ಟು ತಾಸು ಮಾತನಾಡಿದರೂ ಕೊನೆಗೆ ಉಳಿಯುವುದು ಬರಹವೇ. ಬ್ಯಾಂಕಿಗೆ ಎರಡು ಪ್ರತಿಯಲ್ಲಿ ಅರ್ಜಿ ಬರೆದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಿಕ್ಕಾ (ಮೊಹರು) ಮತ್ತು ದಿನಾಂಕ ಹಾಕಿಸಿ ಪೋಚ್ (ಸ್ವೀಕೃತಿ) ಪಡೆಯಿರಿ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಇತರ ಕಂಪನಿಗಳ ಬಗ್ಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ, ತೊಂದರೆಯಾದ ಎರಡು ವರ್ಷದೊಳಗೆ, ಹೋಗಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ "ಸೇವೆ" ಎಂಬ ಪದದ ಅರ್ಥದಿಂದ ಉಚಿತ ಸೇವೆಯನ್ನು ಹೊರಗಿಡಲಾಗಿದೆ. ಹಣ ಕೊಡದೆ ಬಳಸುವ ಇ-ಮೇಲ್ ಅಥವಾ ಫೋಟೊ ಸೇವೆ ಕೈಕೊಟ್ಟರೆ ಆಯೋಗದ ಮುಂದೆ ನಿಲ್ಲುವುದು ಕಷ್ಟ. ಮುಖ್ಯ ದಾಖಲೆಯನ್ನು ಉಚಿತ ಸೇವೆಯೊಂದರಲ್ಲಿ ಮಾತ್ರ ಇಡಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಇದು ಮುಖ್ಯ ಕಾರಣ.

ಅಮಾವಾಸ್ಯೆಯ ತಪಾಸಣೆ

ಬ್ಯಾಕಪ್ ತೆಗೆದಿದ್ದೇನೆ ಎಂಬ ನಂಬಿಕೆಯೂ ಒಂದು ಕುರುಡು ನಂಬಿಕೆಯಾಗಬಹುದು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ. ಅಮಾವಾಸ್ಯೆಯ ದಿನ ನಮ್ಮ ಮಾರುಕಟ್ಟೆಯಲ್ಲಿ ಸವಾಲು (ಹರಾಜು) ಇರುವುದಿಲ್ಲವಾದ್ದರಿಂದ ಆ ದಿನವನ್ನೇ ಈ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಇಂಟರ್ನೆಟ್ ತಂತಿ ಕಿತ್ತು, ಡಿಸ್ಕನ್ನು ಬೇರೊಂದು ಲ್ಯಾಪ್‌ಟಾಪಿಗೆ ಜೋಡಿಸಿ, ಯಾವುದಾದರೂ ಐದು ರೈತರ ಖಾತೆ ತೆರೆದು, ಬಾಕಿಯನ್ನು ಮುದ್ರಿತ ಪಟ್ಟಿಯೊಂದಿಗೆ ಹೋಲಿಸುತ್ತೇನೆ. ದಿವಾಣಜಿಯವರು ಪಟ್ಟಿ ಹಿಡಿದು ಹೆಸರು ಕೂಗುತ್ತಾರೆ, ನಾನು ಪರದೆಯಿಂದ ಮೊತ್ತ ಓದುತ್ತೇನೆ. ಮುಕ್ಕಾಲು ತಾಸಿನ ಕೆಲಸ. ಕಳೆದ ಅಮಾವಾಸ್ಯೆಯಂದು ಹಸಿರು ಚೀಟಿಯ ಡಿಸ್ಕ್ ಎರಡು ಬಾರಿ ಟಕ್ ಎಂದು ಸದ್ದು ಮಾಡಿ ತೆರೆಯಲೇ ಇಲ್ಲ. ಕೆಂಪು ಡಿಸ್ಕ್ ತೆರೆಯಿತು, ಐದೂ ಖಾತೆ ತಾಳೆಯಾದವು. ಮಧ್ಯಾಹ್ನವೇ ಗಾಂಧಿ ಚೌಕದ ಕಡೆ ಹೋಗಿ ಹೊಸ ಡಿಸ್ಕ್ ತಂದು, ಕೆಂಪಿನಿಂದ ಅದಕ್ಕೆ ಪ್ರತಿ ಇಳಿಸಿ, ಅದೇ ಹಸಿರು ಚೀಟಿಯನ್ನು ಕಿತ್ತು ಅದಕ್ಕೆ ಅಂಟಿಸಿದೆವು.